ಅಟ್ಟ ಹತ್ತಿದ ಕಂಪ್ಯೂಟರು

ನಮ್ಮ ಕಡೆ ಬೆಲೆಬಾಳುವುದೆಲ್ಲ ಅಟ್ಟ ಸೇರುತ್ತದೆ. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಮುಟ್ಟದೆ ಬಿಟ್ಟರೆ ಒಳಗಿನ ನೀರು ಇಂಗಿ ಕೊಬ್ಬರಿಯಾಗುತ್ತದೆ. ಕಿವಿಗೆ ಹಿಡಿದು ಅಲ್ಲಾಡಿಸಿದಾಗ ಲೊಡಲೊಡ ಎಂದರೆ ಲಕ್ಷ್ಮಿ ಬಂದಳೆಂದೇ ಅರ್ಥ. ಹೊನ್ನವಳ್ಳಿ ಕಡೆಯ ಒಂದು ಊರಿನ ಹಾಲಸ್ವಾಮಿಯವರು ಈ ಸದ್ದನ್ನು ಕೇಳುತ್ತಲೇ ಮುದುಕರಾದವರು. ಊರ ಹೈಸ್ಕೂಲಿನ ಸಮಿತಿಗೆ ಅವರೇ ಅಧ್ಯಕ್ಷರು.

ಆ ಶಾಲೆಗೆ ದಾನಿಗಳು ಕಂಪ್ಯೂಟರ್ ಕೊಟ್ಟಾಗ ಶಾಲೆಯ ಸೂರು ಸೋರುತ್ತಿತ್ತು. "ನಮ್ಮ ಅಟ್ಟದ ಮೇಲಿರ್ಲಿ ಬುಡಿ, ಭದ್ರವಾಗಿರ್ತವೆ" ಎಂದರು ಹಾಲಸ್ವಾಮಿ. ಪೆಟ್ಟಿಗೆಗಳಿಗೆ ವಿಭೂತಿ ಹಚ್ಚಿಸಿಯೇ ಮೇಲೇರಿಸಿದರು. ಆಯುಧಪೂಜೆ ದಿನ ಕೆಳಗೆ ನಿಂತೇ ಅವಕ್ಕೊಂದು ಮಂಗಳಾರತಿ. ಸೂರು ರಿಪೇರಿಯಾಯಿತು. ಮಳೆಗಾಲಗಳು ಕಳೆದವು. ಪೆಟ್ಟಿಗೆ ಮಾತ್ರ ಇಳಿಯಲಿಲ್ಲ.

ಈ ವರ್ಷ ಸುಷ್ಮಿತಾ ಎಂಬ ಕಂಪ್ಯೂಟರ್ ಟೀಚರ್ ಬಂದರು. ಒಂಬತ್ತನೇ ತರಗತಿಗೆ ಬಂದ ಮಕ್ಕಳು ಕಂಪ್ಯೂಟರ್ ವಿಷಯ ಆರಿಸಿಕೊಳ್ಳಬಹುದಿತ್ತು. ಸಾಕಷ್ಟು ಮಕ್ಕಳು ಆರಿಸದಿದ್ದರೆ ವಿಷಯವೂ ಇಲ್ಲ, ಟೀಚರೂ ಇಲ್ಲ. ಕೈ ಎತ್ತಿದವಳು ಒಬ್ಬಳೇ: ಹಾಲಸ್ವಾಮಿಯವರ ಮೊಮ್ಮಗಳು ವರ್ಷಿಣಿ.

ಆ ಸಂಜೆ ಸುಷ್ಮಿತಾ ಹಾಲಸ್ವಾಮಿಯವರ ಮನೆಗೆ ಬಂದರು.

"ಯಜಮಾನ್ರೇ, ಪೆಟ್ಟಿಗೆ ಇಳಿಸಿಕೊಡಿ."

"ಯಾಕ್ ಮಿಸ್ಸಮ್ಮ, ಅವೇನು ಊಟ ಕೇಳ್ತಾವಾ, ಬಟ್ಟೆ ಕೇಳ್ತಾವಾ? ಮುಟ್ಟಿದ್ರೆ ಕೆಡ್ತವೆ ಕಣ್ರೀ."

"ಮುಟ್ಟದೇ ಇದ್ರೆ ಕೆಡೋದು. ಮೆಷೀನೂ ಅಷ್ಟೆ, ಮಕ್ಕಳೂ ಅಷ್ಟೆ."

"ಮಕ್ಕಳಿಗೇ ಬೇಡ್ವಲ್ಲ. ಆಸೆ ಇದ್ದೋರು ಕೈ ಎತ್ತುತಿರ್ಲಿಲ್ವಾ?"

"ಕಂಡೇ ಇಲ್ದಿರೋದ್ರ ಮೇಲೆ ಆಸೆ ಎಲ್ಲಿಂದ ಬರುತ್ತೆ? ಮಾರ್ಕ್ಸು, ಕೆಲಸ ಎಲ್ಲ ಆಮೇಲಿನ ಮಾತು. ಒಂದ್ಸಲ ಕೈಯಾರೆ ಮಾಡಿ 'ನಂಗೂ ಬರುತ್ತೆ' ಅನ್ನಿಸ್ಬೇಕು. ಮನೇಲಿ ಒಬ್ರಾದ್ರೂ 'ಓದು' ಅನ್ಬೇಕು. ಆಗ ಮಗು ಆರಿಸ್ಕೊಳ್ಳುತ್ತೆ. ಅದೇ ಕ್ಲಾಸಿನ ಯೋಗಿತಾನ ಕೇಳ್ದೆ. 'ಅದು ಹುಡುಗ್ರ ಸಬ್ಜೆಕ್ಟು ಮಿಸ್, ಮುಟ್ಟಿ ಕೆಟ್ರೆ ಬೈತಾರೆ' ಅಂದ್ಳು."

ಕಾಫಿ ತಂದ ಅಜ್ಜಿ ಸರ್ವಮಂಗಳ ಕೇಳಿದರು. "ಹಂಗಾದ್ರೆ ನಮ್ಮೋಳು ಯಾಕ್ ಎತ್ತಿದ್ಳು ಕೈಯ? ಕಂಪ್ಯೂಟರ್ ರೂಮಿನ ಫ್ಯಾನ್ ಕೆಳಗೆ ಕೂತ್ಕಳಕಾ?"

ವರ್ಷಿಣಿ ಬಾಗಿಲ ಮರೆಯಿಂದ ಈಚೆ ಬಂದಳು. "ಮಿಸ್ಸು ಅವರ ಲ್ಯಾಪ್‌ಟಾಪ್ ಕೊಟ್ಟಿದ್ರು ಅಜ್ಜಿ. ಯಾರ್ ಹೆಸರು ಟೈಪ್ ಮಾಡಿದ್ರೂ ಪರದೆ ಮೇಲೆ 'ಏನ್ಲಾ, ಯಾರ್ ಮನೆ ಹುಡ್ಗ ನೀನು, ಕಾಲ್ ತೊಳ್ಕಂಡ್ ಒಳಗ್ ಬಾ' ಅಂತ ಬರೋ ಹಂಗೆ ಮಾಡ್ದೆ."

ಅವಳು ಹೇಳಿದ ದನಿ ಥೇಟ್ ತಾತನದೇ. ಸರ್ವಮಂಗಳ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಅದ್ರಿಂದ ಏನ್ ಬಂತು?" ಎಂದರು ತಾತ.

"ನಾನ್ ಹೇಳಿದ್ ಹಂಗೇ ಕೇಳ್ತು ತಾತ. ತಪ್ಪು ಮಾಡ್ದಾಗ ಬೈಲಿಲ್ಲ. ತಿದ್ದಿ ಇನ್ನೊಂದ್ಸಲ ಹೇಳ್ದೆ, ಕೇಳ್ತು. ಈ ಮನೇಲಿ ನನ್ ಮಾತು ಯಾರ್ ಕೇಳ್ತೀರಾ?"

ಹಾಲಸ್ವಾಮಿ ಕಾಫಿ ಮುಟ್ಟಲಿಲ್ಲ. ಲೋಟದಲ್ಲಿ ಕೆನೆ ಕಟ್ಟಿತು. ಕಡೆಗೆ ಎದ್ದು ಏಣಿ ತಂದಿಟ್ಟರು.

"ನಾಳೆ ಎಲ್ಲರ್ನೂ ಕೂರ್ಸಿ ಮಿಸ್ಸಮ್ಮ. ಯೋಗಿತಾನ್ನ ಮೊದ್ಲು ಕೂರ್ಸಿ. ಅವರಪ್ಪನ ಹತ್ರ ನಾನ್ ಮಾತಾಡ್ತೀನಿ."

ಮೊದಲ ಪೆಟ್ಟಿಗೆಯನ್ನು ತಬ್ಬಿಕೊಂಡರು. ಅಭ್ಯಾಸ ಬಿಡಬೇಕಲ್ಲ, ಅಲ್ಲಾಡಿಸಿ ಕಿವಿಗೊಟ್ಟರು. ಲೊಡಲೊಡ ಎಂದಿತು. ಅವರ ಮುಖ ಅರಳಿತು. ಕೆಳಗೆ ನಿಂತಿದ್ದ ಸುಷ್ಮಿತಾ ಅವರ ಮುಖ ಕಂಡದ್ದೇ ಅದು ಹಾಗೇ ಬಾಡಿತು.

ಬಿಚ್ಚಿದರೆ ಒಳಗೆ ಇಲಿ ಕಡಿದ ವೈರು, ಇಲಿ ಗೂಡು ಕಟ್ಟಿದ ತೆಂಗಿನ ನಾರು, ಕಳಚಿ ಬಿದ್ದ ಚೂರುಗಳು. ಎಲ್ಲ ಪೆಟ್ಟಿಗೆಗಳದ್ದೂ ಅದೇ ಕಥೆ. ತಿಪಟೂರಿನ ರಿಪೇರಿಯವನು ಒಳಗೆ ಟಾರ್ಚ್ ಬಿಟ್ಟು ನೋಡಿ, ಇವು ಇನ್ನು ಆಗಲ್ಲ ಎಂದು ಮುಚ್ಚಳ ಹಾಕಿದ.

ಆದರೂ ಹಾಲಸ್ವಾಮಿ ಮನೆಮನೆಗೆ ಹೋದರು. "ನಿಮ್ಮ ಹುಡುಗೀನ ಕಂಪ್ಯೂಟರ್ ಓದ್ಸಪ್ಪ" ಎಂದರು.

"ಓದ್ಸಾನ ಕಣಣ್ಣ. ಯಾವುದ್ರ ಮುಂದೆ ಕೂರ್ಸಿ ಓದ್ಸಾನ?" ಎಂದ ಯೋಗಿತಾಳ ಅಪ್ಪ.

ಒಂದು ಲ್ಯಾಪ್‌ಟಾಪ್ ಇಡೀ ತರಗತಿಗೆ ಎಲ್ಲಿಗೆ ಸಾಲುತ್ತದೆ? ವಿಷಯ ರದ್ದಾಯಿತು. ಸುಷ್ಮಿತಾಗೆ ಚಿಕ್ಕನಾಯಕನಹಳ್ಳಿ ಕಡೆಯ ಶಾಲೆಗೆ ಆರ್ಡರ್ ಬಂತು. ಅವರನ್ನು ಬಸ್ ಹತ್ತಿಸಿ ಬರುವಾಗ ಹಾಲಸ್ವಾಮಿ ಮೊಮ್ಮಗಳಿಗೆ ಹೇಳಿದರು.

"ಮುಂದಿನ್ ವರ್ಷ ಹೆಂಗಾದ್ರೂ ತರಿಸ್ತೀನಿ ಕಣವ್ವ."

"ಮುಂದಿನ್ ವರ್ಷ ನಾನು ಹತ್ತನೇ ಕ್ಲಾಸು ತಾತ. ಆರಿಸ್ಕೊಳ್ಳೋದು ಒಂಬತ್ರಲ್ಲೇ."

ಅವತ್ತಿನಿಂದ ತಾತನ ದನಿ ಅನುಕರಿಸುವುದನ್ನು ವರ್ಷಿಣಿ ಬಿಟ್ಟಿದ್ದಾಳೆ.

ಅಕ್ಕಂದಿರೇ, ಅಣ್ಣಂದಿರೇ, ಕಾದರೆ ಕೊಬ್ಬರಿ ಮಾಗುತ್ತದೆ. ಮಗುವಿನ ಆಸೆ ಬರೀ ಒಣಗುತ್ತದೆ. ನಿಮ್ಮೂರ ಶಾಲೆಯ ಕಂಪ್ಯೂಟರ್ ಎಲ್ಲಿದೆ, ನಾಳೆ ಬೆಳಿಗ್ಗೆಯೇ ಹೋಗಿ ಕೇಳಿ. ಬೀಗ ಹಾಕಿದ್ದರೆ ತೆಗೆಸಿ. ಹುಡುಗಿಯರನ್ನು ಹಿಂದಿನ ಸಾಲಿಗೆ ತಳ್ಳಬೇಡಿ. ಓದುವುದೋ ಬಿಡುವುದೋ, ಒಮ್ಮೆ ಮುಟ್ಟಿ ನೋಡಿದ ಮೇಲೆ ಮಕ್ಕಳೇ ಆರಿಸಿಕೊಳ್ಳಲಿ. ಮುಟ್ಟಿ ಕೆಡಿಸಿದರೆ ಕೆಡಿಸಲಿ ಬಿಡಿ. ಮುಟ್ಟದೆ ಕೆಟ್ಟದ್ದನ್ನು ಹಾಲಸ್ವಾಮಿಯವರು ನೋಡಿದ್ದಾರೆ.