ಹುಕುಂದಾರ

ಕಕ್ಕೇರಾದ ಚಾವಡಿ ಮುಂದೆ ಸುಗಲಮ್ಮನ ಬೆನ್ನ ಮೇಲೆ ಚಾಬೂಕು ಬೀಳುತ್ತಿತ್ತು. ಪಕ್ಕದಲ್ಲೇ ಮೊಣಕಾಲೂರಿ ಹಣಮಂತಮ್ಮ ತನ್ನ ಪಾಳಿಗೆ ಕಾಯುತ್ತಿದ್ದಳು. ಹೊಡೆಯುವವನು ರಜಾಕಾರರ ಸರದಾರ. ಆ ಪುಣ್ಯಾತ್ಮನ ಹೆಸರು ಯಾರಿಗೆ ಬೇಕಾಗಿತ್ತು? ಹುಕುಂ ಮಾಡುವವನು, ಅದಕ್ಕೇ ಊರವರ ಬಾಯಲ್ಲಿ ಹುಕುಂದಾರ. ದೂರದಲ್ಲಿ ಅವನ ಕುದುರೆ ಕಂಡು ಯಾರಾದರೂ "ಹುಕುಂದಾರ!" ಎಂದು ಕೂಗಿದರೆ ಸಾಕು, ಊರಿಗೆ ಊರೇ ಜೋಳದ ಹೊಲಕ್ಕೆ ಬಿದ್ದು ಓಡುತ್ತಿತ್ತು.

"ಎಲ್ಲಿ ಹೋಗ್ಯಾನ ನಿನ್ನ ಮಗ?"

"ಕುರಿ ಹಿಂದ ಹೋಗ್ಯಾನ್ರಿ ಸಾಹೇಬ್ರ," ಎಂದಳು ಸುಗಲಮ್ಮ.

"ಇಕಿ ಮಗ?"

"ಅವನೂ ಕುರಿ ಹಿಂದನ ಹೋಗ್ಯಾನ್ರಿ."

ಕುರಿಯಂತೆ, ಕುರಿ! ಹಣಮಂತಮ್ಮನ ಅಯ್ಯಣ್ಣ, ಸುಗಲಮ್ಮನ ಗುರಣ್ಣ ಇಬ್ಬರೂ ಗಡಿಯಾಚೆ ಬಿಜಾಪುರ ಸೀಮೆಯ ಶಿಬಿರದಲ್ಲಿ ಬಂದೂಕು ಹಿಡಿಯುವುದನ್ನು ಕಲಿಯುತ್ತಿದ್ದರು. ನಿಜಾಮನ ಆಳ್ವಿಕೆ ಕೊನೆಗಾಣಿಸುತ್ತೇವೆಂದು ಹೊರಟ ಹುಡುಗರು. ಒಬ್ಬಾಕೆ ಇನ್ನೊಬ್ಬಾಕೆಯ ಮಗನ ಸುದ್ದಿ ಬಾಯಿಬಿಟ್ಟಿದ್ದರೆ ತನ್ನ ಚರ್ಮ ಉಳಿಸಿಕೊಳ್ಳಬಹುದಿತ್ತು. ಇಬ್ಬರೂ ಬಿಡಲಿಲ್ಲ. ಮಕ್ಕಳು ಹೋದಂದಿನಿಂದ ಒಂದೇ ಒಲೆಯಲ್ಲಿ ರೊಟ್ಟಿ ಬಡಿದು ಉಂಡವರು ಅವರು. ಒಬ್ಬಾಕೆ ಅತ್ತರೆ ಇನ್ನೊಬ್ಬಾಕೆ ಬೈದು ಸುಮ್ಮನಾಗಿಸುತ್ತಿದ್ದಳು.

ಹುಕುಂದಾರ ಇಬ್ಬರ ಗುಡಿಸಲಿಗೂ ಬೆಂಕಿ ಇಟ್ಟ. ತಡೆಯಲು ಬಂದ ಊರ ಶಾಲೆಯ ಚನ್ನಯ್ಯ ಮಾಸ್ತರರ ಹೊಟ್ಟೆಗೆ ಅವನ ಕಡೆಯವನೊಬ್ಬ ಭರ್ಜಿಯಿಂದ ತಿವಿದ. ಕರುಳು ಕೈಯಲ್ಲಿ ಹಿಡಿದುಕೊಂಡೇ ಮಾಸ್ತರರು ಚಾವಡಿ ಕಟ್ಟೆಯ ಮೇಲೆ ಸತ್ತರು. "ನಾಳಿ ಬರ್ತೀನಿ. ಹುಡುಗರನ್ನ ತೋರಿಸಲಿಲ್ಲಂದ್ರ ನಿಮ್ಮನ್ನೂ ಸುಡ್ತೀನಿ," ಎಂದು ಹುಕುಂದಾರ ಕುದುರೆ ಹತ್ತಿದ.

"ಯಕ್ಕಾ, ಇನ್ನ ಇಲ್ಲಿ ಏನೈತಿ? ಮಕ್ಕಳ ಹತ್ರ ಹೋಗಮು ನಡಿ," ಎಂದಳು ಸುಗಲಮ್ಮ. ಹಣಮಂತಮ್ಮ ಆಕೆಯ ಬೆನ್ನಿಗೆ ಎಣ್ಣೆ ಅರಿಶಿಣ ಮೆತ್ತಿದಳು, ಆಕೆ ಈಕೆಯ ಬೆನ್ನಿಗೆ ಮೆತ್ತಿದಳು. ಆ ರಾತ್ರಿಯೇ ಹೊರಟು ಹೊಲದ ಬದುವಿನಲ್ಲೇ ಬಗ್ಗಿ ನಡೆದರು. ಮರುದಿನ ಹೊತ್ತು ಮುಳುಗುವಾಗ ಗಡಿಯ ಹಳ್ಳ ದಾಟಿದರು. ದಾಟಿದ್ದೇ ತಡ, ಸುಗಲಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು.

"ನನ್ನ ಗುರ್ಯಾ ಗುರ್ತು ಹಿಡಿತಾನಿಲ್ಲೋ ನನ್ನ."

"ನಿನ್ನ ಬಾಯಿ ಕೇಳಿದ್ರ ಹರದಾರಿ ದೂರದಿಂದ ಹಿಡಿತಾನ, ನಡಿ ಸುಮ್ಮ."

ಆಗಲೇ ಜೋಳದ ಆಚೆಯಿಂದ ಗಡಸು ದನಿ ಎದ್ದಿತು: "ಹುಕುಂದಾರ್!"

ಶಿಬಿರದಲ್ಲಿ ಕವಾಯತು ಕಲಿಸುವ ಉಸ್ತಾದ ಮಸ್ತಾನಸಾಬ ಹಳೆಯ ಪಲ್ಟನ್ನಿನ ಸಿಪಾಯಿ. ಬರುತ್ತಿರುವವರು ಯಾರೆಂದು ಪಹರೆಯವನು ಇಂಗ್ಲಿಷಿನಲ್ಲಿ ಕೇಳುವ "ಹೂ ಕಮ್ಸ್ ದೇರ್" ಎಂಬ ಮಾತು ಸಿಪಾಯಿಗಳ ಬಾಯಲ್ಲಿ ಸವೆದು "ಹುಕುಂದಾರ್" ಆಗಿತ್ತು. ಪಹರೆ ನಿಲ್ಲುವ ಹುಡುಗರಿಗೆ ಅವನು ಅದನ್ನೇ ಕಲಿಸಿದ್ದ. "ದೋಸ್ತ್" ಎಂದು ಉತ್ತರಿಸಿದರೆ ಜೀವ ಉಳಿಯುತ್ತದೆ, ಓಡಿದರೆ ಗುಂಡು. ಪಾಪ, ಇದು ಆ ತಾಯಂದಿರಿಗೆ ಹೇಗೆ ತಿಳಿಯಬೇಕು?

"ಯವ್ವಾ, ಬಂದ್ನಲ್ಲೇ ಯಕ್ಕಾ!" ಸುಗಲಮ್ಮ ಕಿರುಚಿ ಜೋಳದೊಳಗೆ ನುಗ್ಗಿದಳು. "ಹುಕುಂದಾರ್!" ದನಿ ಮತ್ತೆ ಎದ್ದಿತು. ಎರಡನೆಯ ಸಲಕ್ಕೆ ಹಣಮಂತಮ್ಮನಿಗೆ ಗುರುತು ಸಿಕ್ಕಿತು. ತನ್ನ ಹೊಟ್ಟೆಯಲ್ಲಿ ಹುಟ್ಟಿದವನ ದನಿ.

"ಅಯ್ಯಾ, ಹೊಡಿಬ್ಯಾಡೋ! ನಾನೋ!"

ಗುಂಡು ಆಗಲೇ ಹಾರಿತ್ತು. ಸುಗಲಮ್ಮನ ಕುತ್ತಿಗೆಯ ಬುಡ ಹರಿದು ನೆತ್ತರು ದಂಟುಗಳಿಗೆ ಸಿಡಿಯುತ್ತಿತ್ತು. ಹಣಮಂತಮ್ಮ ಆಕೆಯ ತಲೆ ತೊಡೆಯ ಮೇಲಿಟ್ಟುಕೊಂಡು ಅಂಗೈಯಿಂದ ಗಾಯ ಒತ್ತಿಹಿಡಿದಳು. ಬಂದೂಕು ಹಿಡಿದು ಓಡಿ ಬಂದ ಅಯ್ಯಣ್ಣ ನೋಡಿದ, ಸುಗಲಮ್ಮನ ಕಾಲ ಬಳಿ ಕುಕ್ಕರಿಸಿದ.

"ಯಕ್ಕಾ... ರಜಾಕಾರ್ರು ಹೊಡದ್ರಂತ ಹೇಳು," ಸುಗಲಮ್ಮ ಗೊರಗೊರ ಸದ್ದಿನ ನಡುವೆ ಅಂದಳು. "ಇಲ್ಲಂದ್ರ ಹುಡುಗರು ಹೊಡದಾಡ್ಕೊಂಡು ಸಾಯ್ತಾವ." ಅಷ್ಟೇ. ಉಸಿರು ನಿಂತಿತು.

ಸದ್ದು ಕೇಳಿ ಗುರಣ್ಣ ಓಡಿ ಬಂದ. ತಾಯಿಯನ್ನು ನೋಡಿದವನೇ ಹುಚ್ಚನಂತಾದ. "ಯಾರು? ಯಾರು ಹೊಡದ್ರು ದೊಡ್ಡವ್ವಾ?"

"ರಜಾಕಾರ್ರು," ಎಂದಳು ಹಣಮಂತಮ್ಮ.

ಹುಡುಗ ಮತ್ತೊಂದು ಮಾತು ಕೇಳಲಿಲ್ಲ. ಅಯ್ಯಣ್ಣನ ಕೈಯ ಬಂದೂಕು ಕಿತ್ತುಕೊಂಡು ಒಬ್ಬನೇ ಹಳ್ಳದ ಕಡೆ ಓಡಿದ. ಆಚೆ ದಂಡೆಯಲ್ಲಿ ಅವರು ಸಿಗುತ್ತಾರೆ, ಇವನನ್ನು ಹರಿದು ಹಾಕುತ್ತಾರೆ. ಸುಮ್ಮನಿದ್ದರೆ ಸುಗಲಮ್ಮನ ಮಗ ಹೋಗುತ್ತಾನೆ, ಬಾಯಿಬಿಟ್ಟರೆ ತನ್ನ ಮಗ. ಅಯ್ಯೋ, ಎಂಥ ಗಳಿಗೆ! ಹಣಮಂತಮ್ಮ ಕೂಗಿಕೊಂಡಳು.

"ಗುರಣ್ಣಾ! ರಜಾಕಾರ್ರಲ್ಲೋ! ನನ್ನ ಮಗ ಹೊಡದಾನ! ತಿಳೀದ ಹೊಡದಾನ, ಬಾ!"

ಗುರಣ್ಣ ತಿರುಗಿದ. ಬಂದೂಕು ಎತ್ತಿಕೊಂಡೇ ಬಂದು ನಳಿಗೆಯನ್ನು ಅಯ್ಯಣ್ಣನ ಹಣೆಗೆ ಊರಿದ. ಅಯ್ಯಣ್ಣ ಕಣ್ಣು ಮುಚ್ಚಲೂ ಇಲ್ಲ, ಅಲುಗಲೂ ಇಲ್ಲ.

"ಹೊಡಿಯೂದಾದ್ರ ಹೊಡಿ," ಎಂದಳು ಹಣಮಂತಮ್ಮ. "ಮೊದಲ ಬಂದು ನಿಮ್ಮವ್ವನ ಕಣ್ಣ ಮುಚ್ಚು."

ಗುರಣ್ಣ ಬಂದೂಕು ತಿರುಗಿಸಿ ಹಿಡಿದು ಅಯ್ಯಣ್ಣನ ಬಲಗೈ ಮೇಲೆ ಹಿಡಿಕೆಯಿಂದ ಬಡಿದ. ಮತ್ತೆ ಬಡಿದ. ಎಲುಬು ಮುರಿದದ್ದು ಹಣಮಂತಮ್ಮನಿಗೆ ಕೇಳಿಸಿತು. ಅಯ್ಯಣ್ಣ ಕೈ ಹಿಂದೆಳೆಯಲಿಲ್ಲ. ಕೊನೆಗೆ ಗುರಣ್ಣ ಬಂದೂಕು ಬಿಸಾಕಿ ಬಂದು, ಆಕೆಯ ತೊಡೆಗೆ, ತಾಯಿಯ ತಲೆಯ ಪಕ್ಕಕ್ಕೇ ಬಿದ್ದು ಬೋರಾಡಿ ಅತ್ತ.

ಹಣಮಂತಮ್ಮ ನೆತ್ತರಿನ ಕೈಯನ್ನು ಅವನ ತಲೆಯ ಮೇಲಿಟ್ಟಳು. ಹಿಂದೆ ಅವಳ ಮಗ ನರಳುತ್ತಿದ್ದ. ಅವಳು ಅತ್ತ ತಿರುಗಿ ನೋಡಲಿಲ್ಲ.