ಸೂಜಕ್ಕನ ಅರ್ಧ ಮಾತು

"ಅಪ್ಪಾ, ನಿಧಾನವಾಗಿ ಬನ್ನಿ" ಎಂದು ಮಗಳು ಫೋನಿನಲ್ಲಿ ಹೇಳಿದಾಗಲೇ ನನಗೆ ಗೊತ್ತಾಯಿತು. ಹಿಂದಿನ ಮೂರು ದಿನವೂ ಎಲ್ಲರೂ ನನಗೆ ಹೇಳುತ್ತಿದ್ದುದು ಬೇಗ ಎಂದೇ. ಬೇಗ ಈ ಔಷಧಿ ತನ್ನಿ, ಬೇಗ ಇಲ್ಲಿ ಸಹಿ ಹಾಕಿ, ಬೇಗ ಡಾಕ್ಟರನ್ನು ನೋಡಿ. ಇನ್ನು ಅವಸರವಿಲ್ಲ ಎಂದರೆ ನನ್ನ ಹೆಂಡತಿ ಇಲ್ಲ ಎಂದೇ ಅರ್ಥ.

ಆಗ ನಾನು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದೆ. ಕಂಕುಳಲ್ಲಿ ದಿಂಬು, ಕೈಯಲ್ಲಿ ಬೀಗ. ಬೆಳಗಿನ ಹತ್ತೂವರೆ ಗಂಟೆ. ಎದುರಿನ ಇಸ್ತ್ರಿಯವನು, "ಯಜಮಾನ್ರೇ, ಅಮ್ಮಾವ್ರು ಹೇಗಿದ್ದಾರೆ?" ಎಂದು ಕೇಳಿದ.

"ನಿಧಾನವಾಗಿ ಬನ್ನಿ ಅಂದ್ರಪ್ಪ" ಎಂದೆ.

ಅವನಿಗೆ ಅದು ಒಳ್ಳೆಯ ಸುದ್ದಿಯಾಗಿ ಕೇಳಿಸಿತು. "ಸದ್ಯ!" ಎಂದು ಮತ್ತೆ ಇಸ್ತ್ರಿಪೆಟ್ಟಿಗೆ ಎತ್ತಿದ. ನಾನು ತಿದ್ದಲಿಲ್ಲ. ಒಬ್ಬನ ಮಟ್ಟಿಗಾದರೂ ಅವಳು ಇನ್ನೊಂದಿಷ್ಟು ಹೊತ್ತು ಇರಲಿ ಎನ್ನಿಸಿತು.

ಆ ದಿಂಬು ತರಲೆಂದೇ ನಾನು ಆಸ್ಪತ್ರೆಯಿಂದ ಬಂದಿದ್ದೆ. ಅಂದು ಬೆಳಿಗ್ಗೆ ಅವಳು ಕಣ್ಣು ತೆರೆದು, ಮುಖದ ಮಾಸ್ಕನ್ನು ಒಂದು ಬೆರಳಿನಿಂದ ಸರಿಸಿ, "ರೀ... ಮನೆಗೆ..." ಎಂದಳು. ಅಷ್ಟಕ್ಕೇ ಉಸಿರು ಮುಗಿಯಿತು. ಮುಂದಿನ ಮಾತಿಗೆ ಅವಳು ಗಾಳಿ ಕೂಡಿಸಿಕೊಳ್ಳುತ್ತಿದ್ದಳು. ನಾನು ಕಾಯಲಿಲ್ಲ.

"ಮನೆಗೆ ಹೋಗಿ ನಿನ್ನ ದಿಂಬು ತರ್ಬೇಕು, ಅಷ್ಟೇ ತಾನೆ? ಇಲ್ಲಿನ ದಿಂಬು ಇಟ್ಟಿಗೆ ಥರ ಇದೆ ಅಂತ ನಂಗೂ ಗೊತ್ತು ಕಣೇ. ಒಂದು ಗಂಟೇಲಿ ಬಂದೆ ನೋಡು" ಎಂದು ಎದ್ದೇಬಿಟ್ಟೆ. ಅವಳ ಕೈ ಹಾಸಿಗೆಯಿಂದ ಗೇಣುದ್ದ ಮೇಲೆದ್ದಿತು. ಹೋಗಿ ಬನ್ನಿ ಎನ್ನುತ್ತಿದ್ದಾಳೆ ಅಂದುಕೊಂಡೆ. ನಾನೂ ಕೈ ಬೀಸಿ ಹೊರಟೆ.

ನಮ್ಮದು ಹಾಸಿಗೆ ದಿಂಬಿನ ಅಂಗಡಿ. ಮೂವತ್ತೆರಡು ವರ್ಷ ನಾನು ಹತ್ತಿ ಹಿಂಜಿದೆ, ಅವಳು ಹೊಲಿದಳು. ಕೈಯಲ್ಲೂ ಸೂಜಿ, ನಾಲಿಗೆಯಲ್ಲೂ ಸೂಜಿ ಎಂದು ಬೀದಿಯವರೆಲ್ಲ ಅವಳನ್ನು ಸೂಜಕ್ಕ ಎಂದು ಕರೆಯುತ್ತಿದ್ದರು. ಹಿಂಜುವ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದನ್ನು ದಿನವೂ ಮುಚ್ಚುತ್ತಿದ್ದವನು ನಾನು. ಗಾಳಿ ಆಡಿದರೆ ಹತ್ತಿ ಹಾರಿ ಹೋಗುತ್ತದೆ ಎಂಬುದು ನಮ್ಮ ಕಸುಬಿನ ಮೊದಲ ಪಾಠ. ನನ್ನ ಅಪ್ಪ ನನಗೆ ಕಲಿಸಿದ್ದು ಅದನ್ನೇ. ಸಂಜೆ ಹೊರಗೆ ಬರುವಾಗ ಇಬ್ಬರ ಹುಬ್ಬೂ ಬೆಳ್ಳಗಾಗಿರುತ್ತಿದ್ದವು. "ನೋಡಿ, ಒಂದೇ ದಿನಕ್ಕೆ ಮುದುಕ ಆಗ್ಬಿಟ್ರಿ" ಎಂದು ಅವಳು ಸೆರಗಿನಿಂದ ನನ್ನ ಮುಖ ಒರೆಸುತ್ತಿದ್ದಳು. ಆ ಧೂಳನ್ನು ನಾನೂ ಉಸಿರಾಡಿದೆ. ನನ್ನ ಎದೆ ಗಟ್ಟಿಯಾಗಿ ಉಳಿಯಿತು, ಅವಳದು ಹೋಯಿತು. ಹೀಗೇಕೆ ಮಾಡಿದೆ ಎಂದು ದೇವರನ್ನು ಬಹಳ ಸಲ ಕೇಳಿದ್ದೇನೆ. ಕಿಟಕಿ ಮುಚ್ಚಿದವನು ಕೇಳಬಹುದಾದ ಪ್ರಶ್ನೆಯೇ ಇದು? ಎಂದು ನಾಚಿಕೆಯಾಗಿ ಸುಮ್ಮನಾಗಿದ್ದೇನೆ.

ಮೊದಮೊದಲು ಅವಳು ತನ್ನ ಉಬ್ಬಸವನ್ನು ಯಾರಿಗೂ ತಿಳಿಯಗೊಡಲಿಲ್ಲ. ತರಕಾರಿ ತರಲು ನಾವಿಬ್ಬರೂ ನಡೆದುಹೋಗುವಾಗ ದಾರಿಯ ಬೀಗದ ಅಂಗಡಿಯ ಮುಂದೆ ನಿಂತು, ತೂಗುಹಾಕಿದ ಬೀಗಗಳನ್ನು ಒಂದೊಂದಾಗಿ ನೋಡುವಳು. ಅವಳಿಗೆ ಬೀಗ ಬೇಕಿರಲಿಲ್ಲ, ಉಸಿರು ಬೇಕಿತ್ತು. ಅದು ನನಗೇ ತಿಳಿಯಲಿಲ್ಲ, ಇನ್ನು ಅಂಗಡಿಯವನಿಗೆ ಹೇಗೆ ತಿಳಿದೀತು? ಒಂದು ದಿನ ಅವನು, "ಏನಕ್ಕಾ, ವಾರಕ್ಕೊಂದ್ಸಲ ನನ್ನ ಬೀಗ ಎಲ್ಲಾ ಎಣಿಸಿ ಹೋಗ್ತೀರ. ಮನೇಲಿ ಖಜಾನೆ ಗಿಜಾನೆ ಇದ್ಯಾ?" ಎಂದ.

"ನಮ್ಮನೆಯವರ ಬಾಯಿಗೆ ಹಾಕೋಕೆ ಒಂದು ಹುಡುಕ್ತಿದ್ದೀನಿ ಕಣಪ್ಪ. ಅಷ್ಟು ದೊಡ್ಡದು ನಿನ್ನ ಹತ್ರ ಇಲ್ಲ."

ಅವನು ನಕ್ಕ. ನಾನೂ ನಕ್ಕೆ. ಅವಳಿಗೆ ನಗಲು ಗಾಳಿ ಸಾಲಲಿಲ್ಲ. ಅಂಗಡಿಯ ಕಂಬ ಹಿಡಿದುಕೊಂಡಳು. ಆಗ ನಾನು ಮೊದಲ ಸಲ ಅವಳ ಉಗುರು ನೋಡಿದೆ. ನೀಲಿಗಟ್ಟಿದ್ದವು.

ಡಾಕ್ಟರು ಅವಳಿಂದ ಒಂದು ಕೊಳವೆಗೆ ಊದಿಸಿ ನೋಡಿ, ಇದು ಬಿಟ್ಟುಹೋಗುವ ಕಾಯಿಲೆಯಲ್ಲ, ಜೊತೆಯಲ್ಲಿಟ್ಟುಕೊಂಡು ಬಾಳಬೇಕು ಎಂದರು. ಅಂದೇ ಹಿಂಜುವ ಮಷೀನು ನಿಲ್ಲಿಸಿದೆ. ಹತ್ತು ವರ್ಷ ತಡವಾಗಿ ನಿಲ್ಲಿಸಿದೆ.

ಆಮೇಲೆ ನಾವು ಬಾಳುವುದನ್ನು ಹೊಸದಾಗಿ ಕಲಿತೆವು. ಮೂಗಿನಿಂದ ಎಳೆದುಕೊಂಡ ಉಸಿರನ್ನು, ಬಿಸಿ ಹಾಲು ಆರಿಸುವ ಹಾಗೆ ತುಟಿ ಕೂಡಿಸಿ ಮೆಲ್ಲಗೆ ಬಿಡುವುದು. ಉಬ್ಬಸ ಬಂದಾಗ ಹೆದರದೆ ಮೇಜಿಗೆ ಮೊಣಕೈ ಊರಿ ಮುಂದಕ್ಕೆ ಬಾಗಿ ಕೂರುವುದು. ಅಡುಗೆಮನೆಗೊಂದು ಸ್ಟೂಲು, ಬಚ್ಚಲಿಗೊಂದು ಸ್ಟೂಲು. ಸ್ನಾನವಾದ ಮೇಲೆ ಮೈ ಒರೆಸಿಕೊಳ್ಳುವಷ್ಟು ಶಕ್ತಿ ಇರುತ್ತಿರಲಿಲ್ಲ. ದೊಡ್ಡ ಟವೆಲು ಹೊದ್ದು ಹಾಗೇ ಕುಳಿತಿರುವಳು. ತಲೆ ಬಾಚಲು ಕೈ ಎತ್ತಿದರೆ ಎರಡು ಸಲ ನಿಲ್ಲಬೇಕು. ಕೊನೆಗೆ ಮಗಳು ಅವಳ ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿದಳು. "ಈಗ ನೋಡು, ನಿನ್ನ ಥರ ಬಸ್ಸು ಓಡಿಸ್ಬಹುದು" ಎಂದಳು ಇವಳು. ನಮ್ಮ ಮಗಳು ಊರ ಬಸ್ಸಿನ ಡ್ರೈವರು.

ಈ ಆಯಾಸ ಹೇಗಿರುತ್ತದೆ ಎಂದು ಒಮ್ಮೆ ಕೇಳಿದೆ. ನಾಲ್ಕು ಕಂತಿನಲ್ಲಿ ಹೇಳಿದಳು. "ನೆಂದ ಹತ್ತಿ ಹಾಸಿಗೆ... ಗೊತ್ತಲ್ಲ? ಅದನ್ನ ಹೊತ್ಕೊಂಡು... ಓಡಾಡಿದ ಹಾಗೆ. ನಿದ್ದೆ ಮಾಡಿ ಎದ್ರೆ... ಒಣಗಿರ್ಬೇಕಲ್ಲ? ಒಣಗಿರಲ್ಲ."

ಕಳೆದ ವರ್ಷ ಆಮ್ಲಜನಕದ ಮಷೀನು ಮನೆಗೆ ಬಂತು. ಅದರ ಪೈಪು ಮಂಚದಿಂದ ಅಡುಗೆಮನೆಯ ಹೊಸ್ತಿಲವರೆಗೆ ಬರುತ್ತಿತ್ತು, ಬೀದಿಬಾಗಿಲಿಗೆ ಬರುತ್ತಿರಲಿಲ್ಲ. ಬೆಂಕಿ ಅದರ ಹತ್ತಿರ ಬರಕೂಡದು ಎಂದರು, ದೇವರ ದೀಪ ಹೊರಕೋಣೆಗೆ ಹೋಯಿತು. ಮಲಗಿದರೆ ಉಸಿರು ಸಿಕ್ಕುವುದಿಲ್ಲವೆಂದು ನಾನು ಅವಳಿಗೆ ಇಳಿಜಾರಾದ ದಿಂಬು ಮಾಡಿದೆ. ಐದು ಸಲ ಬಿಚ್ಚಿ ತುಂಬಿದೆ. ಎತ್ತರ ಸರಿಹೋದ ದಿನ ಅವಳು ಅದರ ಅಂಚು ತಡವಿ, "ಹೊಲಿಗೆ... ನಾಯಿ ಕಚ್ಚಿದ ಹಾಗಿದೆ" ಎಂದು, ಅದಕ್ಕೊರಗಿ ಮೂರು ಗಂಟೆ ನಿದ್ದೆ ಮಾಡಿದಳು.

ಅವಳ ಮಾತು ಮುಗಿಸುವ ನನ್ನ ಚಾಳಿ ಶುರುವಾದದ್ದು, ಹಿಂಜುವುದು ನಿಂತ ಮೇಲೂ ಮಾರಾಟ ನಡೆಯುತ್ತಿದ್ದ ನಮ್ಮ ಅಂಗಡಿಯಲ್ಲೇ. ಗಿರಾಕಿಯೊಡನೆ ಮಾತಾಡುತ್ತಾ ಅವಳ ಉಸಿರು ಅರ್ಧಕ್ಕೆ ನಿಲ್ಲುತ್ತಿತ್ತು, ಉಳಿದರ್ಧ ನಾನು ಹೇಳುತ್ತಿದ್ದೆ. ಅವಳಿಗೆ ಶ್ರಮ ತಪ್ಪಲಿ ಎಂದೇ. ಒಮ್ಮೆ ಒಬ್ಬ ಹೆಂಗಸು ಮೂಲೆಯಲ್ಲಿದ್ದ ಹಾಸಿಗೆ ಕೇಳಿದಳು. ಇವಳು, "ಅದು ಹಳೇ..." ಎಂದು ನಿಂತಳು. ನಾನು ತಡಮಾಡದೆ, "ಹಳೇ ಕಾಲದ ಗಟ್ಟಿ ಮಾಲು ತಾಯಿ, ಕಣ್ಣು ಮುಚ್ಕೊಂಡು ತಗೊಳ್ಳಿ" ಎಂದೆ. ಇವಳು ಸೂಜಿ ಚುಚ್ಚದಿರಲೆಂದು ಹಾಕಿಕೊಳ್ಳುವ ಬೆರಳಿನ ಟೋಪಿಯಿಂದ ನನ್ನ ಮೊಣಕೈಗೆ ಕುಟ್ಟಿ, ಉಸಿರು ಕೂಡಿಸಿ, "ಹಳೇ ಹತ್ತಿ. ಹುಳ ಬಿದ್ದಿದೆ" ಎಂದಳು. ಗಿರಾಕಿ ನನ್ನನ್ನು ಕಳ್ಳನನ್ನು ನೋಡುವಂತೆ ನೋಡಿದಳು.

ಆಗಲೇ ನಾನು ಕಲಿಯಬೇಕಿತ್ತು. ಕಲಿಯಲಿಲ್ಲ. ಅವಳ ಕಾಯಿಲೆ ಹೆಚ್ಚಿದಂತೆ ನನ್ನ ಮಾತು ಹೆಚ್ಚಿತು. ಮೊದಲ ಪದ ಕೇಳಿದರೆ ಸಾಕು, ಉಳಿದದ್ದು ನನಗೆ ಗೊತ್ತು ಎಂದು ನೆರೆಯವರೆದುರು ಜಂಬ ಕೊಚ್ಚಿದೆ. ಸಂಜೆಯ ಪ್ರಾರ್ಥನೆಯನ್ನೂ ಇಬ್ಬರ ಪರವಾಗಿ ನಾನೇ ಹೇಳುತ್ತಿದ್ದೆ. ಒಂದು ಸಂಜೆ ಅವಳು, "ದೇವರಿಗೂ ನಿಮ್ಮ ದನಿ... ಕೇಳಿ ಕೇಳಿ..." ಎಂದಳು.

"ಬೇಜಾರಾಗಿರುತ್ತೆ ಅಂತೀಯಾ?"

ಅವಳು ಅಲ್ಲವೆಂದು ತಲೆಯಾಡಿಸಿದಳು. ಬಹಳ ಹೊತ್ತಿನ ಮೇಲೆ, "ಅಭ್ಯಾಸ ಆಗಿರುತ್ತೆ... ಅಂತ" ಎಂದಳು.

ಮಗಳಿಗೆ ಇದು ಸಹಿಸುತ್ತಿರಲಿಲ್ಲ. "ಅಪ್ಪಾ, ಅಮ್ಮ ಹೇಳ್ಲಿ ಬಿಡಿ. ನೀವ್ಯಾಕೆ ನಡುವೆ ಬಾಯಿ ಹಾಕ್ತೀರಾ?"

"ಅವಳಿಗೆ ಸುಸ್ತಾಗುತ್ತಲ್ಲಮ್ಮ."

"ಸುಸ್ತಾಗ್ಲಿ. ಅಜ್ಜಿಯೊಬ್ರು ಕೋಲೂರಿಕೊಂಡು ಬಸ್ಸು ಹತ್ತೋ ತನಕ ನಾನು ಕಾಯ್ತೀನಿ. ಹಿಂದೆ ಐವತ್ತು ಗಾಡಿ ಹಾರ್ನು ಹೊಡೀತಿರ್ತಾವೆ. ನೀವು ಒಂದು ಮಾತಿಗೆ ಕಾಯಲ್ಲ."

ನಾನು ಸಿಟ್ಟಾದೆ. ಮಂಚದ ಮೇಲಿದ್ದವಳು ನಮ್ಮಿಬ್ಬರಿಗೂ ಅಂಗೈ ತೋರಿಸಿದಳು. ಜಗಳ ಸಾಕು ಎಂದಳೆಂದು ತಿಳಿದೆ.

ಎಲ್ಲ ಮುಗಿದು ಎರಡು ವಾರವಾದ ಮೇಲೆ, ಒಂದು ಕಾಗದ ಬೇಕೆಂಬ ನೆಪ ಮಾಡಿಕೊಂಡು ಆಸ್ಪತ್ರೆಗೆ ಹೋದೆ. ನನಗೆ ಬೇಕಿದ್ದದ್ದು ಕಾಗದವಲ್ಲ. ಅಂದು ಬೆಳಿಗ್ಗೆ ಅವಳ ಬಳಿ ಇದ್ದ ನರ್ಸಮ್ಮ ಬೇಕಿತ್ತು. ಮಗಳು ಅಂದು ಬಸ್ಸು ಡಿಪೋಗೆ ಬಿಟ್ಟು ಬರುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ಕೊನೆಯ ಗಳಿಗೆಗೆ ಸಾಕ್ಷಿ ಅವರೊಬ್ಬರೇ. ಅವರು ಕೈಗವಸು ಕಳಚುತ್ತಾ ವಾರ್ಡಿನ ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಕುಳಿತರು.

"ತಾಯಿ, ನಾನು ಹೋದ್ಮೇಲೆ ಅವಳು ಏನಾದ್ರೂ ಅಂದ್ಲಾ?"

"ಅಂದ್ರು. 'ಹೋದ್ರಾ?' ಅಂದ್ರು. ಹೂಂ ಅಂದೆ. 'ಓಡಿದ್ರಾ?' ಅಂದ್ರು. ಓಡಿದ್ರು ಅಂದೆ. ನಕ್ಕರು."

"ದಿಂಬು ತರ್ತಾರೆ ಅಂತ ಕಾಯ್ತಿದ್ಲಾ?"

ನರ್ಸಮ್ಮ ಕೈಗವಸುಗಳನ್ನು ಒಂದರೊಳಗೊಂದು ಮಡಿಸಿದರು. "ಸುಳ್ಳು ಹೇಳಲ್ಲ ಯಜಮಾನ್ರೇ. ನಾನೂ ಅದನ್ನೇ ಕೇಳಿದೆ, ದಿಂಬು ಬೇಕಿತ್ತಾ ಅಂತ. ಇಲ್ಲ ಅಂತ ತಲೆ ಆಡಿಸಿದ್ರು."

"ಮತ್ತೆ ಏನು ಬೇಕಿತ್ತಂತೆ?"

"ಕೈ ಎತ್ತಿದ್ರು, ಇರು ಅಂತ. ಅವರು ಯಾವಾಗ್ಲೂ ಹಾಗೇ ಅಲ್ವಾ, ಉಸಿರು ಸಿಗೋ ತನಕ ಇರು ಅಂತ ಅಂಗೈ ತೋರಿಸೋರು. ನಾನು ಇದ್ದೆ. ಕಾದೆ." ಅವರು ಮುಂದೆ ಹೇಳಲಿಲ್ಲ. ಅದನ್ನು ನಾನೂ ಮುಗಿಸಲಿಲ್ಲ.

ಅಂಗೈ ತೋರಿಸಿದರೆ ಇರು ಎಂದರ್ಥ. ಮೂರು ದಿನ ಕಂಡ ನರ್ಸಿಗೆ ಅದು ತಿಳಿದಿತ್ತು.

ಅಂದಿನಿಂದ ನನಗೆ ಬೇರೆ ಕೆಲಸವಿರಲಿಲ್ಲ. "ರೀ... ಮನೆಗೆ..." ಎಂಬುದರ ಮುಂದೆ ಏನಿತ್ತು? ಮನೆಗೆ ಕರ್ಕೊಂಡು ಹೋಗಿ ಎಂದಿರಬಹುದು. ಪೈಪು ತಲುಪದ ಆ ಬೀದಿಬಾಗಿಲಲ್ಲಿ ಒಮ್ಮೆ ನಿಲ್ಲುವ ಆಸೆ ಅವಳಿಗೆ ಒಂದು ವರ್ಷದಿಂದ ಇತ್ತು. ಮನೆಗೆ ಹೋಗ್ಬೇಡಿ, ಇಲ್ಲೇ ಕೂತಿರಿ ಎಂದಿರಬಹುದು. ಹಾಗಿದ್ದರೆ ನನ್ನ ಗತಿಯೇನು? ಮನೆಗೆ ಹೋಗಿ ಊಟ ಮಾಡಿ ಬನ್ನಿ ಎಂದಿರಲೂಬಹುದು, ಅವಳು ಅಂಥವಳೇ. ಬೆಳಿಗ್ಗೆ ಹಲ್ಲುಜ್ಜುವಾಗ ಒಂದು ಕೊನೆ ಹಚ್ಚುತ್ತಿದ್ದೆ, ಮಧ್ಯಾಹ್ನ ಇನ್ನೊಂದು. ಒಂದು ದಿನ ಅದು ನನ್ನನ್ನು ಕ್ಷಮಿಸುತ್ತಿತ್ತು, ಇನ್ನೊಂದು ದಿನ ಕೊಲ್ಲುತ್ತಿತ್ತು. ಅವಳ ಒಂದೇ ಒಂದು ಪೂರ್ತಿ ವಾಕ್ಯ ಕೇಳಲು, ಅದು ಬೈಗುಳವಾದರೂ ಸರಿ, ನನ್ನ ಕಿವಿ ಎಷ್ಟು ಹಸಿದಿದೆ ಎಂದು ಹೇಳಲಾರೆ.

ಮೊನ್ನೆ ಸಂಜೆ ಮಗಳು ಕೆಲಸ ಮುಗಿಸಿ ಖಾಕಿ ಅಂಗಿಯಲ್ಲೇ ನಮ್ಮಲ್ಲಿಗೆ ಬಂದಳು. ಕುರ್ಚಿಯಲ್ಲಿ ಕುಳಿತು ಮಂಚದ ಕಡೆ ನೋಡುತ್ತಾ, "ಅಪ್ಪಾ, ಅಮ್ಮನ ಮಂಚ..." ಎಂದು ನಿಲ್ಲಿಸಿದಳು.

ಅಮ್ಮನ ಮಂಚ ಯಾರಿಗಾದರೂ ಕೊಟ್ಟುಬಿಡೋಣ. ಮಾತು ನನ್ನ ತುದಿನಾಲಿಗೆಗೆ ಬಂದಿತ್ತು. ಕೊಡಲ್ಲಮ್ಮ ಎಂಬ ಉತ್ತರವೂ ಅದರ ಹಿಂದೆಯೇ ಬಂದಿತ್ತು. ಎರಡನ್ನೂ ನುಂಗಿಕೊಂಡೆ. ಬಾಯಿ ಬಿಡದೆ ಕುಳಿತುಕೊಳ್ಳುವುದು ಹತ್ತಿಮೂಟೆ ಹೊರುವುದಕ್ಕಿಂತ ಕಷ್ಟ. ಬೀದಿಯಲ್ಲಿ ಒಂದು ಸೈಕಲ್ಲು ಹೋಯಿತು, ಇಸ್ತ್ರಿಯವನು ಯಾರನ್ನೋ ಕೂಗಿದ. ಅವಳು ಅಂಗಿಯ ಗುಂಡಿ ತಿರುವುತ್ತಲೇ ಇದ್ದಳು.

"ಅಮ್ಮನ ಮಂಚದಲ್ಲಿ ಇವತ್ತೊಂದಿನ ನಾನು ಮಲಗ್ಲಾ?" ಎಂದಳು.

ನಲವತ್ತು ವರ್ಷದ ಹೆಂಗಸು, ದಿನಕ್ಕೆ ಸಾವಿರ ಜನರನ್ನು ಊರು ಸುತ್ತಿಸುವವಳು. ಇದನ್ನು ನಾನು ಹುಟ್ಟಿದಾಗಿನಿಂದ ಯೋಚಿಸಿದ್ದರೂ ಊಹಿಸುತ್ತಿರಲಿಲ್ಲ.

"ಮಲಗಮ್ಮ" ಎಂದೆ. ಅವಳು ಷೂ ಬಿಚ್ಚಿ, ಆ ಇಳಿಜಾರು ದಿಂಬಿಗೆ ಒರಗಿ, ಮುಖ ಗೋಡೆಯ ಕಡೆಗೆ ಮಾಡಿಕೊಂಡಳು. "ಕುತ್ತಿಗೆ ನೋಯುತ್ತೆ ಅಪ್ಪಾ ಇದ್ರಲ್ಲಿ, ಅಮ್ಮ ಹೇಗೆ ಮಲಗ್ತಿದ್ಲು" ಎಂದಳು. ದನಿ ಒದ್ದೆಯಾಗಿತ್ತು. ಉತ್ತರ ಕೇಳುವ ಪ್ರಶ್ನೆ ಅದಲ್ಲವೆಂದು ಅವಳ ಕಾಲಿಗೆ ಹೊದಿಕೆ ಎಳೆದೆ.

ಮಗಳಿಗೆ ನಿದ್ದೆ ಹತ್ತಿದ ಮೇಲೆ ಹೊರಕೋಣೆಗೆ ಬಂದು ಕುಳಿತೆ. ಇಷ್ಟು ದಿನ ನಾನು ಮಾಡುತ್ತಿದ್ದುದೇನು ಎಂದು ಆಗ ಹೊಳೆಯಿತು. ಹೆಂಡತಿ ಸತ್ತ ಮೇಲೂ ಅವಳ ಮಾತನ್ನು ನಾನೇ ಮುಗಿಸುತ್ತಿದ್ದೆ. ಅವಳು ತನಗಾಗಿ ಇಟ್ಟುಕೊಂಡ ಕೊನೆಯ ಮಾತನ್ನೂ ಅವಳ ಕೈಗೆ ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ಇನ್ನು ಆ ವಾಕ್ಯಕ್ಕೆ ಕೊನೆ ಹಚ್ಚುವುದಿಲ್ಲ. ಅದು ಅವಳದು.

ಭಗವಂತಾ, ನಿನ್ನ ಬಳಿಗೆ ಬಂದಿರುವ ಆ ಹೆಂಗಸು ನಡೆದು ದಣಿದವಳು. ಅವಳನ್ನು ಅವಸರ ಮಾಡಬೇಡ. ಎಲ್ಲಿ ಬೇಕೋ ಅಲ್ಲಿ ನಿಂತು, ಏನು ಬೇಕೋ ಅದನ್ನು ನೋಡಿಕೊಂಡು ಬರಲಿ. ನಿನ್ನ ಕಿಟಕಿಗಳೆಲ್ಲ ತೆರೆದಿರಲಿ. ಅವಳ ಎದೆಗೆ ತುಂಬ ಗಾಳಿ ಕೊಡು, ಆ ಒದ್ದೆ ಭಾರವನ್ನು ಹೆಗಲಿನಿಂದ ಇಳಿಸು. ಅವಳು ಮಾತಿಗೆ ಶುರುಮಾಡಿ ನಿಂತರೆ ನೀನು ಎಲ್ಲ ಬಲ್ಲವನಾದರೂ ನನ್ನಂತೆ ಮುಗಿಸಲು ಹೋಗಬೇಡ. ಕಾದಿರು ತಂದೆ, ಅವಳೇ ಹೇಳುತ್ತಾಳೆ. ಹೇಳಿ ಮುಗಿಸಿದ ಮೇಲೆ ಅವಳಿಗೆ ಶಾಂತಿಯಿಂದ ನಿದ್ದೆ ಬರಲಿ.