ಮೇಲಿನೆರಡು ಕಣ್ಣು

ಚೆಂಡುಹೂವಿನ ವಾಸನೆ ಮೊದಲು ಬಂತು, ಆಮೇಲೆ ಕೆಮ್ಮು, ಏಣಿಯ ಬುಡದಿಂದ — ಆ ಕೆಮ್ಮು ನನಗೆ ಗೊತ್ತು, ಪಾಟನ್ನಿನ ಈ ಓಣಿಯಲ್ಲಿ ಅವಲಕ್ಕಿ ಕೊಳ್ಳುವವರಿಗೆಲ್ಲ ಗೊತ್ತು, ಪೂರ್ಣಕಾಜಿ ಸಾಹು, ಬಂದೇ ಬಿಟ್ಟ, ನಾಯಿಪೂಜೆಯ ದಿನವೇ ಬಂದ, ಬೆಳಗಿನಿಂದ ಓಣಿಯ ನಾಯಿಗಳೆಲ್ಲ ಹಣೆಗೆ ಕೆಂಪು ಟೀಕಾ, ಕೊರಳಿಗೆ ಹಾರ, ಎಣ್ಣೆಯಲ್ಲಿ ಕರಿದ ಸೇಲ್ ರೋಟಿ ತಿಂದು ತಿಂದು ಗಂಡಿನ ಕಡೆಯ ಬೀಗರ ಹಾಗೆ ಬಿದ್ದುಕೊಂಡಿವೆ, ನಾಳೆ ಇವಕ್ಕೇ ಕಲ್ಲು — ಬಾ ಸಾಹು, ಹತ್ತು, ನಮ್ಮ ಮನೆಗಳ ಏಣಿ ಕಡಿದು, ತುದಿಯಲ್ಲಿ ನೆಲಕ್ಕೇ ಕೂರಿಸಿದ ಮುಚ್ಚುಹಲಗೆ, ಹತ್ತಿ ಬರುವವನ ತಲೆ ಮೊದಲು ಕಾಣುತ್ತದೆ, ಮೇಲೆ ನಿಂತವಳ ಪಾದದ ಹತ್ತಿರ, ನನ್ನ ಪಾದದ ಹತ್ತಿರ. ಬೆಳ್ಳಿಕೂದಲು, ನಡುವೆ ಬೋಳು, ಬೋಳಿನ ಮೇಲೆ ಬೆವರು. ಇಷ್ಟು ದಿನ ಕಣ್ಣು ಮುಚ್ಚಿದಾಗಲೆಲ್ಲ ಈ ತಲೆಯ ಮೇಲೆ ಒಂದೊಂದು ಸಲ ಒಂದೊಂದನ್ನು ಬೀಳಿಸಿದ್ದೇನೆ, ಒಮ್ಮೆ ಒರಳು, ಒಮ್ಮೆ ಕುದಿವ ನೀರು, ಒಮ್ಮೆ ಅಜಿಯ ಕತೆಯ ಹದ್ದು ಕಚ್ಚಿ ತಂದ ಹಾವು.

ಅಜಿ ಹೇಳುತ್ತಿದ್ದಳು, ಅಮ್ಮನ ಅಮ್ಮ, ಅಗ್ಗಿಷ್ಟಿಕೆಯ ಬೂದಿ ಕೆದಕುತ್ತ, ಯಮನ ಬಾಗಿಲಲ್ಲಿ ನಾಲ್ಕು ಕಣ್ಣಿನ ನಾಯಿ ಕೂತಿರ್ತದೆ ನಾನಿ, ಕೆಳಗಿನೆರಡು ಕಣ್ಣು ಬಂದವನು ಯಾರು ಅಂತ ನೋಡ್ತವೆ, ಮೇಲಿನೆರಡು ಅವನು ಏನು ಮಾಡಿ ಬಂದ ಅಂತ ನೋಡ್ತವೆ, ಕೆಳಗಿನವಕ್ಕೆ ರೋಟಿ ತೋರಿಸಿ ಏಮಾರಿಸಬಹುದು, ಮೇಲಿನವಕ್ಕೆ ಆಗಲ್ಲ. ನನ್ನ ಮನೆಯ ನಾಯಿ ಮುಸ್ಯಾಳಿಗೂ ಇವೆ, ಹುಬ್ಬಿನ ಜಾಗದಲ್ಲಿ ಎರಡು ಕಂದು ಚುಕ್ಕೆ, ಉಳಿದದ್ದೆಲ್ಲ ಹುರಿದ ಮುಸ್ಯಾದ, ನಮ್ಮ ಕರಿಕಾಳಿನ ಬಣ್ಣ, ಅದಕ್ಕೇ ಆ ಹೆಸರಿಟ್ಟೆ. ಅವಳು ಈಗ ಒಳಕೋಣೆಯಲ್ಲಿದ್ದಾಳೆ, ಕದ ಹಾಕಿದ್ದೇನೆ, ಜೊತೆಗೆ ಕೀರ್ತಿಪುರದ ಹೇರಾಮಾಯಾ ದಿದಿ, ಮಗ್ಗದಲ್ಲಿ ಬಟ್ಟೆ ನೇಯುವವಳು, ನಾಯಿಗೆ ಮನೆ ಬೇಕು ಅಂತ ಫೋನಿನಲ್ಲಿ ನಾನು ಹಾಕಿದ ಪಟ ನೋಡಿ ಬಂದವಳು. ಆ ಪಟ ನೋಡಿ ಎಷ್ಟು ಜನ ಬಂದರು, ಕಪ್ಪಾ, ಅಯ್ಯೋ, ಬಿಳಿ ಇಲ್ವಾ, ಹೆಣ್ಣಾ, ಆಮೇಲೆ ಮರಿ ಹಾಕಿದ್ರೆ ಯಾರು ನೋಡ್ಕೊಳ್ಳೋದು, ಒಬ್ಬಾಕೆ ಬಾಗಿಲಲ್ಲೇ ನಿಂತು ಫಿನಾಯಿಲ್ ವಾಸನೆ ಅಂದಳು. ಮನೆಯೊಡತಿ ಮೊನ್ನೆ ನೀರು ತುಂಬುವಾಗ ಹೇಳಿದಳು, ಹಬ್ಬ ಮುಗಿಯೋದ್ರೊಳಗೆ ಅದು ಹೋಗ್ಬೇಕು, ಇಲ್ಲ ಇಬ್ರೂ ಹೋಗಿ. ಹೇರಾಮಾಯಾ ದಿದಿ ಒಬ್ಬಳೇ ಏನೂ ಕೇಳದೆ ನೆಲಕ್ಕೆ ಕೂತಳು, ಕಪ್ಪಾದ್ರೆ ಏನೇ, ನಾನೇನು ಹಾಲಲ್ಲಿ ಬಿದ್ದೆದ್ದವಳಾ, ಎಂದಳು, ಮುಸ್ಯಾ ಹತ್ತಿರ ಹೋಗಿ ದಿದಿಯ ಬೆರಳ ಹತ್ತಿನೂಲನ್ನು ಮೂಸಿದಳು, ಬಾಲವನ್ನು ನಿಧಾನವಾಗಿ ಆಚೆಗೊಮ್ಮೆ ಈಚೆಗೊಮ್ಮೆ, ಪೊರಕೆಯ ಹಾಗೆ, ನನಗೂ ಅಷ್ಟೇ ಆಡಿಸುತ್ತಾಳೆ, ಅನ್ನ ಹಾಕಿದವಳು ನಾನು, ಹುಳ ಆಯ್ದವಳು ನಾನು, ನನಗೂ ಪೊರಕೆಯಷ್ಟೇ. ಆದರೆ ದಿದಿ ಒಂದು ಮಾತು ಹೇಳಿದ್ದಾಳೆ, ಇದಕ್ಕೆ ಯಜಮಾನ ಅಂತ ಯಾರಾದ್ರೂ ಇದ್ರೆ ಮೊದ್ಲೇ ಹೇಳ್ಬಿಡು, ಇನ್ನೊಬ್ರ ನಾಯಿ ನನಗೆ ಬೇಡ, ಆಮೇಲೆ ಬಂದು ಕಿತ್ಕೊಂಡು ಹೋದ್ರೆ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ. ಯಾರೂ ಇಲ್ಲ ದಿದಿ. ಹಾಗೆಂದು ಇನ್ನೂ ಬಾಯಿ ಮುಚ್ಚಿರಲಿಲ್ಲ, ಚೆಂಡುಹೂವಿನ ವಾಸನೆ.

ನಾನಿ, ಎನ್ನುತ್ತಾನೆ ಸಾಹು, ಅಜಿ ಮಗುವನ್ನು ಕರೆದ ಹಾಗೆ, ಎದೆಯವರೆಗೆ ಮೇಲೆ ಬಂದು, ಏಣಿಗೆ ಒರಗಿ, ನಾನಿ, ನಾಯಿ ನಿನ್ನ ಹತ್ರ ಇದೆಯಂತೆ, ನನ್ನ ನಾಯಿ. ನನ್ನ ಎನ್ನುತ್ತಾನೆ. ಶನಿಯ ಕಾಟಕ್ಕೆ ಕರಿನಾಯಿ ಸಾಕು ಅಂತ ಜೋಯಿಸ ಹೇಳಿದಾಗ ನಿನ್ನದು, ಅಂಗಡಿಯ ಮುಂದೆ ಕಂಬಳಿ, ಶನಿವಾರ ಶನಿವಾರ ಮೊಸರವಲಕ್ಕಿ, ದಾರಿಯವರೆಲ್ಲ ಆಹಾ ಸಾಹುಜಿಯ ದಯೆ ಎನ್ನಬೇಕು, ಕೋರ್ಟಿನ ಕೇಸು ಗೆದ್ದ ವಾರವೇ ಶನಿ ಬಿಟ್ಟನಂತೆ, ಶನಿ ಬಿಟ್ಟ ಮೇಲೆ ನಾಯಿ ಯಾಕೆ. ನಖ್ಖು ಹೊಳೆಯ ದಂಡೆ, ಕಲ್ಲುಗಳ ಮೇಲೆ ಅವಲಕ್ಕಿ ಚೀಲ, ಮೇಲೆ ನಿನ್ನ ಅಂಗಡಿಯ ಹೆಸರು, ಬಾಯಿಗೆ ಕೆಂಪು ದಾರ, ಪೂಜೆಯ ದಾರ, ಅದನ್ನೂ ದಂಡ ಮಾಡಲಿಲ್ಲ ನೀನು, ಮತ್ತು ಚೀಲದ ತಳ ಬಡಿಯುತ್ತಿತ್ತು, ಠಪ್ ಠಪ್ ಠಪ್, ನಾನು ಹತ್ತಿರ ಹೋದಷ್ಟೂ ಜೋರಾಗಿ, ಉಸಿರು ಕಟ್ಟಿ ಕಾಲು ಒದೆಯುತ್ತಿದೆ ಎಂದುಕೊಂಡೆ, ಉಗುರಿನಿಂದ ಗಂಟು ಬಿಚ್ಚಿದೆ, ಉಗುರು ಕಿತ್ತು ಬಂತು, ತೆರೆದ ಕೂಡಲೆ ಬಡಿತ ನಿಂತಿತು, ಕತ್ತಲೆಯಿಂದ ನಾಲ್ಕು ಕಣ್ಣು ನನ್ನ ಮುಖ ನೋಡಿದವು — ಆ ಬಡಿತ ಆಮೇಲೆ ನಾನೆಂದೂ ಕೇಳಿಲ್ಲ.

ತಪ್ಪಾಯ್ತು ನಾನಿ, ಎನ್ನುತ್ತಿದ್ದಾನೆ, ಶನಿ ಮತ್ತೆ ತಿರುಗಿ ಬಂದ್ಬಿಟ್ಟ, ಸೊಂಟ ಬಿತ್ತು, ಗಿರಣಿ ಸುಟ್ಟುಹೋಯ್ತು, ಜೋಯಿಸರು ಹೇಳಿದ್ರು ಬೇರೆ ನಾಯಿ ಆಗಲ್ಲವಂತೆ, ಬಿಟ್ಟ ನಾಯಿನೇ ಹಾರ ಹಾಕಿ ಕರ್ಕೊಂಡು ಬರ್ಬೇಕಂತೆ, ಇವತ್ತೇ, ಮಾಂಸ ಹಾಕ್ತೀನಿ, ಹಾಸಿಗೆ ಹಾಕ್ತೀನಿ. ಎಲ್ಲಿಯವರೆಗೆ ಸಾಹುಜಿ, ಎನ್ನುತ್ತೇನೆ, ಇನ್ನೊಂದು ಕೇಸು ಗೆಲ್ಲೋವರೆಗಾ. ಅವನು ತಲೆ ತಗ್ಗಿಸುತ್ತಾನೆ, ಬೋಳು ನನ್ನ ಹೆಬ್ಬೆರಳಿಗೆ ತಾಗುವಷ್ಟು ಹತ್ತಿರ, ಕಾಲಿನಿಂದ ಹಲಗೆ ಮುಚ್ಚಿದರೆ ಸಾಕು, ಸದ್ದೂ ಆಗುವುದಿಲ್ಲ ಹೆಚ್ಚು — ಆದರೆ ಬೇಡ, ಅದು ಚಿಕ್ಕದು, ಅಜಿಯ ಮೊಮ್ಮಗಳು ನಾನು, ನನ್ನ ಹತ್ತಿರ ಕತೆ ಇದೆ. ಕೂತೆ, ಅವನ ಮುಖದ ಎದುರಿಗೆ, ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ, ಸಾಹುಜಿ, ನಿಮ್ಮ ನಾಯಿ ಚೀಲದಲ್ಲೇ ಸತ್ತುಹೋಗಿತ್ತು. ನಾನು ಬಿಚ್ಚುವಾಗ್ಲೇ ತಣ್ಣಗಾಗಿತ್ತು. ಹೊಳೆ ಹತ್ರ ಹುಗಿದೆ, ಕೆಂಪು ದಾರ ಸಮೇತ. ಪಟದಲ್ಲಿ ಇತ್ತಲ್ಲ, ಎಂದ, ನಾಲ್ಕು ಕಣ್ಣು. ನಾಲ್ಕು ಕಣ್ಣಿನ ಕರಿನಾಯಿ ಓಣಿಗೊಂದು ಇವೆ ಸಾಹುಜಿ, ನಿಮ್ಮದು ಈಗ ಬೇರೆ ಬಾಗಿಲಲ್ಲಿ ಕೂತಿದೆ, ಮೇಲಿನೆರಡು ಕಣ್ಣು ತೆರ್ಕೊಂಡು, ನಿಮ್ಮ ದಾರಿ ಕಾಯ್ತಾ. ಹೇಳಿದೆ, ನೋಡಿದೆ, ಅವನ ಕೈಯ ಚೆಂಡುಹೂವಿನ ಹಾರ ಏಣಿಯ ಹಲ್ಲುಗಳ ಮೇಲೆ ಜಾರಿ ಜಾರಿ ಕೆಳಗೆ ಬೀಳುವುದನ್ನು, ಎಷ್ಟು ಸಿಹಿ, ಹೊಸ ಬೆಲ್ಲದ ಹಾಗೆ ಗಂಟಲೆಲ್ಲ ಸಿಹಿ, ಬದುಕಿರುವವರೆಗೂ ಇವನು ಯಾವ ಕರಿನಾಯಿಯ ಮುಖವನ್ನೂ ನೋಡಲಾರ, ಸಾಯಲೂ ಹೆದರುತ್ತಾನೆ.

ಅವನು ಏಣಿಗೆ ಹಣೆ ಹಚ್ಚಿದ. ಅಳು, ಮುದುಕರ ಅಳು, ಅದರ ನಡುವೆ ಒಂದೇ ಒಂದು ಸಲ ಕರೆದ, ನನ್ನನ್ನಲ್ಲ, ಯಾರನ್ನೂ ಅಲ್ಲ, ಕಾಲೀ, ಎಂದ, ಅಂಗಡಿಯ ಕಂಬಳಿಯ ಮೇಲಿದ್ದಾಗ ಅವಳ ಹೆಸರು, ಕಾಲೀ — ಒಳಕೋಣೆಯಿಂದ, ಠಪ್. ಠಪ್ ಠಪ್. ಹಲಗೆಯ ನೆಲದ ಮೇಲೆ, ಠಪ್ ಠಪ್ ಠಪ್. ಏನದು, ಎಂದ ಸಾಹು, ಕಣ್ಣೊರೆಸಿಕೊಳ್ಳುತ್ತ. ದಿದಿ, ಎಂದೆ, ಮಗ್ಗದ ಕೆಲಸದವಳು, ಬಟ್ಟೆ ಒದರ್ತಿದ್ದಾಳೆ. ಬಡಿತ ಥಟ್ಟನೆ ಮೆತ್ತಗಾಯಿತು, ಸೀರೆಯೊಳಗೆ ಯಾರೋ ಹಿಡಿದ ಹಾಗೆ. ಅವನು ಇಳಿದು ಹೋದ, ಒಂದೊಂದೇ ಹಲ್ಲು ತಡವುತ್ತ, ಕೆಮ್ಮುತ್ತ. ಕದ ತೆರೆದೆ, ಹೇರಾಮಾಯಾ ದಿದಿ ಬಾಲವನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದಿದ್ದಾಳೆ, ನನ್ನನ್ನು ನೋಡಲಿಲ್ಲ, ಎಲ್ಲ ಕೇಳಿಸ್ತು, ಎಂದಳು, ಯಜಮಾನ ಯಾರೂ ಇಲ್ಲ ಅಂದ್ಯಲ್ಲ, ಸರಿ, ಇವತ್ತೇ ಒಯ್ತೀನಿ, ಕತ್ತಲಾಗೋ ಮುಂಚೆ, ಆ ದನಿ ಕೇಳಿಸದಷ್ಟು ದೂರ. ಒಯ್ಯಿ ದಿದಿ, ಬೆಟ್ಟದ ಮೇಲೆ ಒಯ್ಯಿ, ನಿನ್ನ ಮಗ್ಗದ ಸದ್ದಿನಲ್ಲಿ ಮರೆಯಲಿ. ಹಗ್ಗ ಹುಡುಕಬೇಕು, ಮುಸ್ಯಾಳ ತಟ್ಟೆ ಕಟ್ಟಿಕೊಡಬೇಕು, ಗೆದ್ದಿದ್ದೇನೆ, ಮನೆ ಸಿಕ್ಕಿತು, ಅವನು ಸೋತು ಹೋದ, ಎರಡೂ ಆಯಿತು, ಆದರೆ ಮುಸ್ಯಾ ಏಣಿಯ ತುದಿಗೆ ಹೋಗಿ ಕತ್ತಲೆಯೊಳಗೆ ಇಣುಕುತ್ತಿದ್ದಾಳೆ, ನಾಲ್ಕೂ ಕಣ್ಣಿನಿಂದ, ಅಜಿ, ನಾಲ್ಕೂ ಕಣ್ಣಿನಿಂದ, ಹಾಗಾದರೆ ಅಂದು ಹೊಳೆಯ ದಂಡೆಯಲ್ಲಿ, ಕಾಲು ಒದೆಯುತ್ತಿದೆ ಎಂದುಕೊಂಡೆನಲ್ಲ, ನಾನು ಹತ್ತಿರ ಹೋದಷ್ಟೂ ಜೋರಾಗಿ, ಕಲ್ಲಿನ ಮೇಲೆ ಹೆಜ್ಜೆಯ ಸದ್ದು ಕೇಳಿ — ಅವನು ಮರಳಿ ಬಂದ ಎಂದು — ಕೆಂಪು ದಾರ ಕಟ್ಟಿದ ಚೀಲ, ಚೀಲದೊಳಗೆ ಬಾಲ.